ಮೈದಾನದ ಆ ತುದಿಗೆ ಕೇಳುವಷ್ಟು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಬಟ್ಟೆ ಒಣಗಿಸಲು ದಿನಕ್ಕೆ ನಾಲ್ಕು ಸಲ ಮಹಡಿಗೆ ಹೋಗುತ್ತೀಯೆಂದು ಭಾವ ನನ್ನ ಹತ್ತಿರ ದೂರಿದರು. ಅವರ ಕೆಮ್ಮು ಕಡಿಮೆಯಾಯಿತೇ? ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ, ದಿನವೂ ಅಂಗಡಿಯ ಬಾಗಿಲು ತೆಗೆಯುತ್ತಾರೆ, ಮೈಕ್ ಸೆಟ್ಟನ್ನು ಬಾಡಿಗೆಗೆ ಕೇಳುವವರು ಬರದಿದ್ದರೂ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ‘ಅಪ್ಪನಿಗೆ ನನ್ನ ದನಿಯೇ ಬೇಡವಾಗಿದೆ. ಯಾವಾಗ ಫೋನ್ ಮಾಡಿದರೂ ಹೂಂ, ಹೂಂ ಅಂತ ಎರಡು ಸಲ ಅಂದು ನಿನ್ನ ಕೈಗೆ ದಾಟಿಸುತ್ತಾರೆ. ಇನ್ನು ನಾನು ಆ ಮನೆಗೆ ಬರುವುದಿಲ್ಲ’ ಎಂದು ಬರೆದಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ನಿನ್ನ ಪರವಾಗಿಯೂ ಅಪ್ಪನ ಪರವಾಗಿಯೂ ವಾದಗಳು ಹೊಳೆಯುತ್ತಿದ್ದವು, ಎರಡನ್ನೂ ಬರೆಯಲಿಲ್ಲ. ಈ ವಾರ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ, ಊರಿನ ಸದ್ದು ಮಿತಿ ಮೀರದಂತೆ ನೋಡಿಕೊಳ್ಳುವುದು. ಕಟ್ಟಡ ಕಟ್ಟುವವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಆರರ ನಂತರ ಯಂತ್ರ ಓಡಿಸುವಂತಿಲ್ಲ. ಭಾನುವಾರ ಸುತ್ತಿಗೆಯನ್ನೂ ಎತ್ತುವಂತಿಲ್ಲ. ಸಭೆಗೋ ಪಂದ್ಯಕ್ಕೋ ಮೈಕ್ ಹಾಕುವುದಾದರೆ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕು, ಸ್ಥಳದಲ್ಲಿ ಪರೀಕ್ಷೆ ಆಗಬೇಕು. ನಾನು ಹತ್ತಿರದ ಮನೆಯ ಕಿಟಕಿಯ ಬಳಿ ನಿಂತು ಮೀಟರಿನಲ್ಲಿ ಅಳೆಯುತ್ತೇನೆ. ಸದ್ದು ಅರವತ್ತೈದು ಡೆಸಿಬಲ್ ದಾಟಬಾರದು. ‘ನಾನು ತುಂಬಿಸಿದ ಊರನ್ನ ನನ್ನ ಮಗ ಖಾಲಿ ಮಾಡ್ತಾನೆ’ ಎಂದು ಅಪ್ಪ ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಅಂಗಡಿಯೆದುರಿನ ಮೈದಾನ ಹೋಗುತ್ತಿದೆ ಅಕ್ಕಾ. ಪಕ್ಕದ ಹಳೆಯ ಗೋದಾಮಿನ ಜಾಗದಲ್ಲಿ ಆಗಲೇ ಪಾಯಕ್ಕೆ ಕಂಬ ಹೊಡೆಯುತ್ತಿದ್ದಾರೆ. ಮುಂದಿನ ತಿಂಗಳು ಮೈದಾನದ ಸರದಿ. ಬೀದಿಯವರು ಅಲ್ಲಿ ಕೊನೆಯ ಫುಟ್‌ಬಾಲ್ ಪಂದ್ಯ ಆಡುತ್ತಾರಂತೆ, ಮೈಕ್ ಅಪ್ಪನದೇ ಆಗಬೇಕಂತೆ. ಸೋಮವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಕಚೇರಿಗೆ ಬಂದು ಸಾಲಿನಲ್ಲಿ ನಿಂತರು. ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿದರೂ ಬರಲಿಲ್ಲ. ಸರದಿ ಬಂದಾಗ ಅರ್ಜಿಯನ್ನು ಮೇಜಿನ ಮೇಲಿಟ್ಟು ‘ಸಾಹೇಬ್ರು ದೊಡ್ಡ ಮನಸ್ಸು ಮಾಡ್ಬೇಕು’ ಎಂದರು. ಅಧಿಕಾರಿಗೂ ಅರ್ಜಿದಾರರಿಗೂ ಇರುವ ಸಂಬಂಧ ಎಂಬ ಕಡೆ ‘ಪರವಾಗಿಲ್ಲ’ ಎಂದು ತುಂಬಿದ್ದರು. ಗುಮಾಸ್ತೆ ಓದಿ ಕುರ್ಚಿಯಿಂದ ಎದ್ದುಹೋಗಿ ನಕ್ಕಳು. ಸಹಿ ಹಾಕುವುದು ನನ್ನ ಮೇಲಧಿಕಾರಿಗೆ ಹೋಯಿತು, ಅಳೆಯುವುದು ನನಗೆ ಉಳಿಯಿತು.

ಗುರುವಾರ ಸಂಜೆ ನಾಲ್ಕಕ್ಕೆ ಪರೀಕ್ಷೆ. ಹಾರ್ನ್ ಕಂಬಕ್ಕೆ ಏರುತ್ತಿದ್ದಾಗ ಚಿಕ್ಕಂದಿನ ನೀನು ಕಣ್ಣ ಮುಂದೆ ಬಂದೆ. ಎರಡು ಜಡೆ, ಮುಕ್ಕಾಲಿಯ ಮೇಲೆ ಕೂತು ಆಂಪ್ಲಿಫೈಯರಿನ ಗುಂಡಿಗೆ ಎರಡೇ ಬೆರಳು ಮುಟ್ಟಿಸಿರುತ್ತಿದ್ದೆ. ನಾನು ಮೈಕಿನ ಮುಂದೆ ಮಗ್ಗಿ ಹೇಳಬೇಕು. ಅಪ್ಪ ಗೋಲಿನ ಆಚೆ ತುದಿಯವರೆಗೆ ನಡೆದುಹೋಗಿ ಕೈ ಎತ್ತುತ್ತಿದ್ದರು. ಕೈ ಮೇಲಿದ್ದಷ್ಟು ಹೊತ್ತು ನೀನು ಏರಿಸಬೇಕು, ಕೈ ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬೇರೆ ಯಾವ ಅಳತೆಯೂ ಅವರಿಗೆ ಇರಲಿಲ್ಲ. ‘ನನ್ನ ಮಗಳ ಬೆರಳಿಗೆ ಕಿವಿ ಇದೆ’ ಎನ್ನುತ್ತಿದ್ದರು. ನನ್ನ ಬಗ್ಗೆ ಅಂಥದ್ದೇನೂ ಹೇಳಿದ ನೆನಪಿಲ್ಲ. ಹದಿನೇಳರ ಮಗ್ಗಿಯಲ್ಲಿ ನಾನು ಎಡವಿದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಎದುರುಮನೆಯ ಟೈಲರ್ ಕಿಟಕಿಯಿಂದಲೇ ‘ನೂರಾ ಹತ್ತೊಂಬತ್ತು ಕಣೋ ದಡ್ಡಾ!’ ಎಂದು ಕೂಗುತ್ತಿದ್ದರು.

ಈ ಸಲ ಮೈಕಿನ ಮುಂದೆ ಅದೇ ಟೈಲರ್. ಏನು ಹೇಳಬೇಕೆಂದು ತೋಚದೆ ಯಾರದೋ ಅಳತೆ ಓದತೊಡಗಿದರು: ಭುಜ ಹದಿನೆಂಟು, ಎದೆ ನಲವತ್ತು. ಗುಂಡಿಯ ಹತ್ತಿರ ನನ್ನ ಹೆಂಡತಿ ಕೂತಳು. ನಾನು ಟೈಲರ್ ಮನೆಯ ಕಿಟಕಿಯ ಬಳಿ ಮೀಟರ್ ಹಿಡಿದು ನಿಂತೆ. ಅಪ್ಪ ಆ ತುದಿಗೆ ನಡೆದುಹೋದರು, ಮೊದಲಿಗಿಂತ ನಿಧಾನವಾಗಿ, ತಿರುಗಿ ನಿಂತು ಕೈ ಎತ್ತಿದರು. ಐವತ್ತೆಂಟು, ಅರವತ್ತನಾಲ್ಕು. ಇಷ್ಟು ಸಾಕಲ್ಲ ಅಂದುಕೊಂಡೆ. ಕೈ ಇಳಿಯಲಿಲ್ಲ. ಎಪ್ಪತ್ತಾರು. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಎಂಬತ್ತೈದಕ್ಕೆ ಟೈಲರ್ ತಮ್ಮದೇ ದನಿಗೆ ಬೆದರಿ ಸೊಂಟದ ಅಳತೆಗೆ ಬರುವಾಗ ಓದುವುದನ್ನು ನಿಲ್ಲಿಸಿಬಿಟ್ಟರು. ನಾನು ಸನ್ನೆ ಮಾಡಿದ ಮೇಲೆ ಮುಂದುವರಿಸಿದರು. ಆಚೆಯ ಕಟ್ಟಡದ ಮೇಸ್ತ್ರಿ ಓಡಿಬಂದ. ‘ನಮ್ ಮಿಷನ್ ಹತ್ತು ನಿಮಿಷ ಜಾಸ್ತಿ ಓಡಿದ್ರೆ ನೋಟಿಸ್ ಕೊಡ್ತೀರಿ. ನಿಮ್ಮಪ್ಪಂಗೆ ಕಾನೂನು ಇಲ್ವಾ ಸಾರ್?’ ಮೀಟರಿನಲ್ಲಿ ತೊಂಬತ್ತಮೂರು. ಆ ತುದಿಯಲ್ಲಿ ಕೈ ಎತ್ತಿದಂತೆಯೇ ಇತ್ತು, ಬೆರಳುಗಳು ‘ಇನ್ನೂ, ಇನ್ನೂ’ ಎನ್ನುತ್ತಿದ್ದವು.

ಹಟ ಮಾಡುತ್ತಿದ್ದಾರೆಂದು ಮೊದಲು ಸಿಟ್ಟು ಬಂತು. ಆಮೇಲೆ ಅವರ ಮುಖ ನೋಡಿದೆ. ಕಾಯುತ್ತಿರುವವರ ಮುಖ ಅದು. ಅವರಿಗೆ ಕೇಳಿಸುತ್ತಲೇ ಇರಲಿಲ್ಲ ಅಕ್ಕಾ.

ನಾನು ಮೈದಾನದ ನಡುವೆ ಹೋಗಿ, ಅವರಿಗೆ ಕಾಣುವಂತೆ, ನನ್ನ ಕೈ ಎತ್ತಿ ಇಳಿಸಿದೆ. ಅವರೂ ಇಳಿಸಿದರು. ಹತ್ತಿರ ಬಂದು ‘ಹಾರ್ನ್ ಹಳೇದಾಯ್ತು ಕಣೋ, ಎಳೀತಿಲ್ಲ’ ಎಂದರು. ನಾನು ತಲೆ ಆಡಿಸಿದೆ. ಮೇಸ್ತ್ರಿ ನಮ್ಮಿಬ್ಬರನ್ನೂ ನೋಡಿ ತನ್ನ ಕಟ್ಟಡದ ಕಡೆಗೆ ಹೊರಟುಹೋದ. ವರದಿಯಲ್ಲಿ ತೊಂಬತ್ತಮೂರೆಂದೇ ಬರೆದೆ. ಶುಕ್ರವಾರ ಅನುಮತಿ ಬಂತು, ಒಂದು ಷರತ್ತಿನ ಮೇಲೆ: ಗುಂಡಿಯನ್ನು ಮೀಟರ್ ನೋಡಿ ನಿಲ್ಲಿಸಬೇಕು, ಅದರ ಮೇಲೆ ಪಟ್ಟಿ ಅಂಟಿಸಬೇಕು, ಆಮೇಲೆ ಯಾರೂ ಮುಟ್ಟಬಾರದು. ಆ ಷರತ್ತು ಸೂಚಿಸಿದವನು ನಾನೇ. ಅಪ್ಪ ಆದೇಶವನ್ನು ಎರಡು ಸಲ ಓದಿದರು. ‘ಹಂಗಾದ್ರೆ ಅಲ್ಲಿ ನಂಗೇನು ಕೆಲಸ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ವೈರನ್ನು ಅಂಗೈಗೂ ಮೊಣಕೈಗೂ ಸುತ್ತುತ್ತ ಕೂತರು.

ಇವತ್ತು ಆಚೆ ಕಡೆ ಯಂತ್ರವಿಲ್ಲ. ಬೀದಿ ನಮ್ಮ ಚಿಕ್ಕಂದಿನ ಮಧ್ಯಾಹ್ನಗಳ ಹಾಗಿದೆ, ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವುದೂ ಕೇಳುತ್ತದೆ. ಅಪ್ಪನಿಗೆ ವಾರದ ಏಳೂ ದಿನ ಭಾನುವಾರವಾಗಿ ಎಷ್ಟು ಕಾಲವಾಯಿತೋ. ಒಂದೇ ಮನೆಯಲ್ಲಿದ್ದೂ, ಅಳೆಯುವುದೇ ಕಸುಬಾದ ನನಗೆ ಗೊತ್ತಾಗಲಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಮಾವ ಕೇಳಿದನೆಂದು ಹೇಳು. ಬಟ್ಟೆ ಕೆಳಗೇ ಒಣಗಿಸು.

ನಿನ್ನ
ತಮ್ಮ

ತಾ.ಕ.: ಇಷ್ಟು ಬರೆದ ಮೇಲೆ ಎದ್ದುಹೋಗಿ ಅಪ್ಪನನ್ನು ಒಂದು ಚೀಟಿಯಲ್ಲಿ ಬರೆದು ಕೇಳಿಯೇಬಿಟ್ಟೆ, ಅಕ್ಕನ ಫೋನ್ ಯಾಕೆ ನನ್ನ ಕೈಗೆ ಕೊಡುತ್ತೀರಿ ಎಂದು. ಓದಿ, ಚೀಟಿಯನ್ನು ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡರು. ‘ಅವ್ಳು ಏನೋ ಕಷ್ಟ ಹೇಳ್ಕೋತಿರ್ತಾಳೆ, ನಾನು ಗೊತ್ತಾಗ್ದೆ ಹೂಂ ಹೂಂ ಅಂತಿದ್ರೆ? ಅದಕ್ಕಿಂತ ನಿಂಗೆ ಕೊಡೋದೇ ವಾಸಿ’ ಎಂದರು. ಫೋನ್ ಮಾಡಬೇಡ. ಕಾಗದ ಬರೆ. ನನಗಲ್ಲ, ಅವರ ಹೆಸರಿಗೇ, ದೊಡ್ಡ ಅಕ್ಷರದಲ್ಲಿ. ಪಂದ್ಯ ಇಪ್ಪತ್ತಮೂರಕ್ಕೆ. ಯಾವ ರೈಲಿಗೆ ಬರುತ್ತೀಯೆಂಬುದು ಮೊದಲ ಸಾಲಿನಲ್ಲೇ ಇರಲಿ.