ಕತ್ತಲೆಯೋ ಕರೆಂಟೋ

೧೬ ನವೆಂಬರ್ ೨೦೦೬, ಗುರುವಾರ. ಕೊಪ್ಪ.

"ಕತ್ತಲೆ ಬೇಕೋ, ಕರೆಂಟ್ ಬೇಕೋ?" ನಮ್ಮ ಹಳ್ಳಕ್ಕೆ ಅಣೆಕಟ್ಟು ಕಟ್ಟಲು ಬಂದ ಕಂಪನಿಯ ಮೈಕು ಈ ಒಂದೇ ಪ್ರಶ್ನೆ ಕೇಳುತ್ತ ಊರೂರು ತಿರುಗುತ್ತಿದೆ. ಹಳ್ಳದಂಚಿನ ಅನ್ನಮ್ಮನ ಗದ್ದೆ ಮುಳುಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಾಳೆಯ ಗ್ರಾಮಸಭೆಯಲ್ಲಿ ಅದನ್ನು ನಾನು ಹೇಳಬೇಕೆಂದು ಅವಳು ಕೇಳಿಕೊಂಡಿದ್ದಳು. ಒಪ್ಪಿದ್ದೆ.

ಸಂಜೆ ಬಸರೀಕಟ್ಟೆಯಿಂದ ಬರುವಾಗ ಜೀಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಧರ್ಮೇಶ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಮೇಷ್ಟ್ರೇ, ಕತ್ತಲೆ ಬೇಕಾ, ಕರೆಂಟ್ ಬೇಕಾ? ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ, ಪಾಠ ಮಾಡ್ಬೇಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಕರೆಂಟೇ," ಎಂದೆ. ಆ ಪ್ರಶ್ನೆಯೊಳಗೆ ಬೇರೆ ಉತ್ತರವೇ ಇರಲಿಲ್ಲ.

ಮುಂದಿನ ಸೀಟಿನಲ್ಲಿ ಅನ್ನಮ್ಮ ಕೂತಿದ್ದಳು. ಅವಳ ಊರು ಇನ್ನೂ ಬಂದಿರಲಿಲ್ಲ, ಆದರೂ ಜೀಪು ನಿಲ್ಲಿಸಿ ಇಳಿದಳು. "ನಾಳೆ ನೀವು ಬರೋದೆಂತಕ್ಕೆ ಮೇಷ್ಟ್ರೇ, ಮೈಕೇ ಬರ್ತದಲ್ಲ" ಎಂದಳು. ಸಿಟ್ಟಿನ ದನಿಯಲ್ಲ ಅದು.

ಹೋಗಲೇಬೇಕು. ನಾಳೆಯ ಮಾತನ್ನು ಆಗಿನಿಂದ ಒಬ್ಬನೇ ಹೇಳಿಕೊಳ್ಳುತ್ತಿದ್ದೇನೆ. "ನಮಗೆ ಕತ್ತಲೆ ಬೇಕೆಂದಲ್ಲ..." ಇದು ಅವರ ಮಾತಿನಿಂದಲೇ ಶುರುವಾಯಿತು. ಬೇಡ. ಮೊದಲಿಂದ. ಗದ್ದೆಯಿಂದ ಶುರು ಮಾಡಬೇಕು, ಅನ್ನಮ್ಮನ ಹೆಸರಿನಿಂದ. "ಅನ್ನಮ್ಮನಿಗೂ ಕರೆಂಟ್ ಬೇಕು, ಆದರೆ..." ಇದರಲ್ಲೂ ಮೈಕಿನ ಮಾತೇ ಬಂತು.