ಬಾಣ ನಿಂತ ಕಡೆ

ನವೆಂಬರ್ 4

ಇವತ್ತೂ ಲ್ಯಾಪ್‌ಟಾಪ್ ಚೀಲ ನನ್ನ ಹೆಗಲಿಗೆ. ಅಕ್ಕನ ಬಲಗೈ ಮಣಿಕಟ್ಟು ಉಳುಕಿದೆ, ಬ್ಯಾಂಡೇಜ್. ಮೌಸ್ ಹಿಡಿಯುವ ಹಾಗಿಲ್ಲ. ವಾಸಿಯಾಗುವವರೆಗೆ ಅವಳು ಪಾಠ ಮಾಡುವ ವಿಜ್ಞಾನದ ಕ್ಲಾಸಿನಲ್ಲಿ ನಾನೇ ಅವಳ ಕೈ. ಹೆಡ್ ಮಿಸ್ ಒಪ್ಪಿದ್ದಾರೆ. ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವಳು ಏಳನೇ ತರಗತಿಯಲ್ಲಿ ಕೂತಿದ್ದೇನೆ — ಹಿಂಬಡ್ತಿ ಅಂತ ಅಮ್ಮನಿಗೆ ನಗು. ಮನೆಯಲ್ಲಿದ್ದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೇ ಬಂದೆ.

ನಾನು ಬಂದಮೇಲೆ ಇಷ್ಟು ದಿನ ಬರೀ ವಿಡಿಯೋ. ನಾಳೆಯಿಂದ ಮತ್ತೆ ಪ್ರಶ್ನೆ. ದೊಡ್ಡ ಪರದೆಯ ಮೇಲೆ ಪ್ರಶ್ನೆ, ನಾಲ್ಕು ಉತ್ತರ. ಮಕ್ಕಳು ತಮ್ಮ ಟ್ಯಾಬ್‌ನಲ್ಲಿ ಒಂದನ್ನು ಒತ್ತಬೇಕು. ಪ್ರತಿ ಪ್ರಶ್ನೆಗೂ ಒಂದು ಮೆಟ್ಟಿಲು — ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದು ಕಟ್ಟುವುದು. ಮಕ್ಕಳು ಯಾವ ಮೆಟ್ಟಿಲಿನವರೆಗೆ ಹತ್ತಿದ್ದಾರೆಂದು ಆಪ್ ಬಣ್ಣದಲ್ಲಿ ತೋರಿಸುತ್ತದೆ. ಅಕ್ಕನ ಕ್ಲಾಸು ಐದನೆಯದರವರೆಗೂ ಹಸಿರು. ಶಾಲೆಯಲ್ಲಿ ಬೇರೆ ಯಾರದ್ದೂ ಹಾಗಿಲ್ಲ. ಅದಕ್ಕೇ ಅಧಿಕಾರಿಗಳು ಅವಳ ಪಾಠ ನೋಡಲು ಬರುತ್ತಾರಂತೆ. ಮೆಚ್ಚಿದರೆ ಕೆಲಸ ಖಾಯಂ. ಎಷ್ಟೋ ವರ್ಷದಿಂದ ಕಾಂಟ್ರಾಕ್ಟಿನಲ್ಲೇ ಇದ್ದಾಳೆ.

ನವೆಂಬರ್ 5

ಏನಾಯಿತೋ ತಿಳಿಯುತ್ತಿಲ್ಲ. ಮೊದಲ ಪ್ರಶ್ನೆ ಕೆಂಪು. ಎರಡನೆಯದು ಕೆಂಪು. ಬರೀ ನೆನಪಿನ ಮೆಟ್ಟಿಲು ಅದು. ಮಕ್ಕಳು ಪರದೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಬಾಯಿಗೆ ಬಂದ ದೇವರ ಹೆಸರು ಹೇಳಿ ಯಾವುದೋ ಒಂದನ್ನು ಒತ್ತುತ್ತಾರೆ. ಅಕ್ಕನ ಮುಖ ಸುಣ್ಣ ಬಳಿದ ಗೋಡೆ.

ನಾನು ಮಾಡಿದ್ದು ಇಷ್ಟೇ: ಪ್ರಶ್ನೆ ತೆರೆದೆ, ಮೌಸಿನ ಬಾಣ ಓದುವವರಿಗೆ ಅಡ್ಡ ಬರದಿರಲಿ ಎಂದು ಮೂಲೆಗೆ ತಳ್ಳಿದೆ, ಸುಮ್ಮನೆ ಕೂತೆ. ಏನೋ ತಪ್ಪು ಒತ್ತಿದ್ದೀಯ ಅಂತ ಅಕ್ಕ. ಇಲ್ಲ ಎಂದೆ. ನಂಬಲಿಲ್ಲ.

ನವೆಂಬರ್ 6, ಊಟದ ಬಿಡುವು

ಬಿಡುವು ಮುಗಿಯುವ ಮೊದಲು ಬರೆದುಬಿಡುತ್ತೇನೆ.

ಮೊದಲ ಬೆಂಚಿನ ಹುಡುಗಿ — ಅಂಗೈಯಷ್ಟಿದ್ದಾಳೆ, ಎಲ್ಲರೂ ಗುಬ್ಬಿ ಅನ್ನುತ್ತಾರೆ — ನನ್ನ ಹತ್ತಿರ ದೂರು ತಂದಳು.

"ಅಕ್ಕಾ, ನಿಮಗೆ ಮೌಸ್ ಹಿಡಿಯೋಕೆ ಬರಲ್ವಾ?"

"ಯಾಕೆ?"

"ಮಿಸ್ ಆದ್ರೆ ಬಾಣಾನ ಸರಿಯಾದ್ದರ ಮೇಲೆ ತಂದು ನಿಲ್ಲಿಸ್ತಾರೆ. ನೀವು ಮೂಲೇಲಿ ಬಿಟ್ರೆ ನಾವು ಏನ್ ಒತ್ತಬೇಕು?"

ಗುಟ್ಟು ಹೇಳುವ ದನಿಯಲ್ಲ. ಚಪ್ಪಲಿ ಎಲ್ಲಿ ಬಿಡಬೇಕೆಂದು ಹೊಸಬರಿಗೆ ಹೇಳಿಕೊಡುವ ದನಿ. ಪಕ್ಕದವರೂ ತಲೆಯಾಡಿಸಿದರು. ಇಡೀ ತರಗತಿಗೆ ಗೊತ್ತು. ವರ್ಷದ ಮೊದಲಿನಿಂದಲೂ ಗೊತ್ತು. ಗೊತ್ತಿಲ್ಲದ್ದು ಅಕ್ಕನೊಬ್ಬಳಿಗೇ ಇರಬೇಕು. ಇರಬೇಕು... ಅಲ್ಲವಾ?

ಸಂಜೆ

ಅಕ್ಕನಿಗೆ ಹೇಳಿಬಿಟ್ಟೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಬರುವುದಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ, ನೀನು ಓದಲಿಲ್ಲ ಅಂತ ಓದಿಸುವವಳ ಮೇಲೆ ನಿನಗೆ ಹೊಟ್ಟೆಕಿಚ್ಚು ಅಂದಳು. ಅಮ್ಮನೂ ಅವಳ ಕಡೆಯೇ.

ಆಪ್ ಪ್ರತಿ ಪಾಠದ ಪರದೆಯನ್ನೂ ರೆಕಾರ್ಡ್ ಮಾಡಿಡುತ್ತದೆ. ಹಳೆಯದೊಂದು ಹಾಕಿದೆ. ಅಕ್ಕ ಓದಿದಂತೆಲ್ಲ ಬಾಣ ಒಂದೊಂದು ಉತ್ತರದ ಮೇಲೆ ಹರಿದು, ಹಿಂದೆ ಬಂದು, ಸರಿಯಾದದ್ದರ ಮೇಲೆ ನಿಲ್ಲುತ್ತದೆ. ಮುಂದಿನ ಪ್ರಶ್ನೆ, ಮತ್ತೆ ಹಾಗೇ. ಅಕ್ಕ ಬ್ಯಾಂಡೇಜಿನ ಕೈಯನ್ನು ಯಾರದೋ ಕೈ ನೋಡಿದ ಹಾಗೆ ನೋಡಿದಳು.

"ಬೇಕಂತ ಮಾಡಿದ್ದಲ್ಲ ಕಣೇ."

"ಗೊತ್ತು."

"ನನ್ನ ಮಕ್ಕಳು ಐದನೇ ಮೆಟ್ಟಿಲು ಹತ್ತಿದಾರೆ ಅಂತ ಸಭೇಲೆಲ್ಲ ಹೇಳ್ಕೊಂಡು ಬಂದೆ."

ಮೊದಲನೆಯದನ್ನೂ ಹತ್ತಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನವೆಂಬರ್ 19

ಬರೆಯಲು ಮನಸ್ಸೇ ಆಗಿರಲಿಲ್ಲ. ಬ್ಯಾಂಡೇಜ್ ಬಿಚ್ಚಿದ್ದಾರೆ. ಅಕ್ಕ ಕ್ಲಾಸಿನಲ್ಲಿ ಪ್ರಶ್ನೆಯನ್ನೇ ಹಾಕುತ್ತಿಲ್ಲ. ಹೆಡ್ ಮಿಸ್ ಹಳೆಯ ಹಸಿರು ಪಟ್ಟಿಗಳನ್ನು ಪ್ರಿಂಟ್ ಹಾಕಿಸಿ ಬಾಗಿಲಿಗೆ ಅಂಟಿಸಿದ್ದಾರೆ. ಅಧಿಕಾರಿಗಳು ನಾಳೆ.

ಮೌಸ್ ಯಾರ ಕೈಲಿ ಎಂದು ಕೇಳಿದೆ. ತನ್ನ ಕೈಲೇ ಇರಲಿ ಅಂದಳು. ಇಷ್ಟು ದಿನ ಮಾಡಿದ್ದು ಗೊತ್ತಿಲ್ಲದೆ. ನಾಳೆ ಗೊತ್ತಿದ್ದೂ...

ನವೆಂಬರ್ 20

ಇನ್ನೂ ನಂಬಲಾಗುತ್ತಿಲ್ಲ.

ಹಿಂದಿನ ಬೆಂಚಿನಲ್ಲಿ ಅಧಿಕಾರಿಗಳು, ಹೆಡ್ ಮಿಸ್. ಬಾಗಿಲ ಬಳಿ ನಾನು. ಪ್ರಶ್ನೆ: ಒಂದೇ ಅಳತೆಯ ನೀರನ್ನು ಅಗಲವಾದ ತಟ್ಟೆ, ಲೋಟ, ಜಗ್ಗು, ಮುಚ್ಚಳ ಬಿಗಿದ ಬಾಟಲಿಯಲ್ಲಿ ಬಿಸಿಲಿಗಿಟ್ಟರೆ ಮೊದಲು ಒಣಗುವುದು ಯಾವುದು? ಅಕ್ಕ ಓದಿದಳು. ಬಾಣ ನಾಲ್ಕರ ಮೇಲೂ ಹರಿದಾಡಿತು. ನಿಂತಿತು.

ಬಾಟಲಿಯ ಮೇಲೆ.

ಕೈ ತಪ್ಪಿತೇ ಎಂದು ನೋಡಿದೆ. ತಪ್ಪಿರಲಿಲ್ಲ. ಕಲ್ಲಿನಂತೆ ಕೂತಿತ್ತು ಆ ಕೈ. ಪರದೆಯ ಮೇಲೆ ಒಂದೇ ಒಂದು ಕೆಂಪು ಕಂಬ ಎದ್ದಿತು — ಇಡೀ ತರಗತಿ, ಮುಚ್ಚಿದ ಬಾಟಲಿ. ಹೆಡ್ ಮಿಸ್ ಕೂತಲ್ಲಿಂದ ಅರ್ಧ ಎದ್ದರು.

ಬಾಟಲಿ ಯಾಕೆ ಎಂದು ಅಕ್ಕ ಗುಬ್ಬಿಯನ್ನು ಕೇಳಿದಳು.

"ನಂಗೆ ತಟ್ಟೆ ಅಂತಾನೇ ಅನ್ನಿಸ್ತು ಮಿಸ್. ಆದ್ರೆ ಬಾಣ ಬಾಟ್ಲಿ ಮೇಲಿತ್ತು."

ಅಕ್ಕ ಹಿಂದಿನ ಬೆಂಚಿನ ಕಡೆ ತಿರುಗಿದಳು.

"ಬಾಗಿಲ ಮೇಲಿರೋ ಹಸಿರೆಲ್ಲ ಹೀಗೇ ಬಂದಿದ್ದು ಸಾರ್. ನನಗೂ ಗೊತ್ತಿರಲಿಲ್ಲ. ಈಗ ಪಾಠ ಶುರು ಮಾಡ್ತೀನಿ."

ಮೌಸಿನ ವಯರು ಕಿತ್ತಿಟ್ಟಳು. ತಟ್ಟೆಯೋ ಬಾಟಲಿಯೋ, ಯಾಕೆ ಅನ್ನುವುದನ್ನು ಟ್ಯಾಬ್‌ನಲ್ಲಿ ಬರೆಯಿರಿ, ಪಕ್ಕದವರದ್ದು ಓದಿ, ಒಪ್ಪದಿದ್ದರೆ ಜಗಳವಾಡಿ ಅಂದಳು. ತರಗತಿ ಸಂತೆಯಾಯಿತು. ಅಧಿಕಾರಿಗಳು ಏನೋ ಬರೆದುಕೊಂಡರು. ಯಾರ ಮುಖದಲ್ಲೂ ನಗುವಿರಲಿಲ್ಲ.

ನವೆಂಬರ್ 27

ಖಾಯಂ ಆಗಲಿಲ್ಲ. ಪಾಠದ ಫಲಿತಾಂಶ ಸಾಲದು ಅಂತೆ — ಆ ಕೆಂಪು ಕಂಬ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಕ್ಕ ಇವತ್ತು ಖಾಯಂ. ಅದು ಸುಳ್ಳಲ್ಲ.

ಅದನ್ನೇ ಅವಳ ಎದುರು ನಿಂತು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬದಲಿಗೆ ನಾಳೆಯ ಕ್ಲಾಸಿನ ಪ್ರಶ್ನೆ ಓದಿದಳು: ಬಿಸಿಲೇ ಇಲ್ಲದ ದಿನವೂ ಹೊರಗೆ ಹರವಿದ ಬಟ್ಟೆ ಒಣಗುತ್ತದಲ್ಲ, ಹೇಗೆ? ಹೇಳು, ಆದರೆ ನನ್ನ ಮುಖ ನೋಡಬೇಡ ಅಂತ ಗೋಡೆ ಕಡೆ ತಿರುಗಿ ಕೂತಳು.

ಗೊತ್ತಿದೆ ಅನ್ನಿಸಿತು. ಬಾಯಿ ತೆರೆದರೆ ಗೊತ್ತಿಲ್ಲ. ಅವಳ ಬೆನ್ನು ನೋಡಿದೆ. ಬೆನ್ನು ಏನೂ ಹೇಳುತ್ತಿಲ್ಲ. ಇನ್ನೂ ಹಾಗೇ ಕೂತಿದ್ದಾಳೆ, ಅವಸರವೇ ಇಲ್ಲದವಳ ಹಾಗೆ. ಬರೆಯುತ್ತಾ ಯೋಚಿಸುತ್ತಿದ್ದೇನೆ. ಬಿಸಿಲಿಲ್ಲ. ಆದರೆ ಹೊರಗೆ ಗಾಳಿ —