ಎಮೆಟ್‌ಗೆ ಬಿಟ್ಟ ಸಾಲು

ಕಾಟನ್‌ವುಡ್ ಹೊಳೆ, ಮೊಂಟಾನಾ
ಶುಭ ಶುಕ್ರವಾರ

ಪ್ರೀತಿಯ ಎಮೆಟ್,

ಇವತ್ತು ಉಪವಾಸ. ಹಾಲಿಲ್ಲದ ಕಾಫಿ ಒಂದು ಲೋಟ ಕುಡಿದು, ತಬ್ಬಲಿ ಕರುವಿಗೆ ಬಾಟಲಿ ಹಿಡಿದು, ಕೋಳಿ ಬಿಟ್ಟು, ಒಲೆಯ ಬೂದಿ ತೆಗೆದು ಬರೆಯಲು ಕೂತಿದ್ದೇನೆ. ಕೊಟ್ಟಿಗೆಗೆ ಹೋಗುವಾಗ ನಿನ್ನ ಹಳೆಯ ಕೋಟನ್ನೇ ಹಾಕಿಕೊಳ್ಳುತ್ತೇನೆ. ಚಳಿಗೆ ಅಂದುಕೋ.

ನೀನು ಶಾಸಕನಾಗಿ ರಾಜಧಾನಿ ಹೆಲೆನಾಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಒಂದು ಭಾನುವಾರವೂ ಬರಲಿಲ್ಲ. ಬರಬೇಡ ಎಂದವಳು ನಾನೇ.

ಆ ಕಾರ್ಡು ಇನ್ನೂ ನನ್ನ ಪ್ರಾರ್ಥನೆ ಪುಸ್ತಕದೊಳಗಿದೆ. ಚುನಾವಣೆಗೆ ಎಂಟು ದಿನವಿರುವಾಗ ಊರಿನ ಎಲ್ಲರ ಅಂಚೆಪೆಟ್ಟಿಗೆಗೂ ಬಂತಲ್ಲ, ಅದು. ಚುನಾವಣೆಯಲ್ಲಿ ನಿನ್ನೆದುರು ನಿಂತಿದ್ದ ವಿಲ್ಮಾ ಅದರ ಫೋಟೋದಲ್ಲಿ ಗ್ಲಾಸು ಹಿಡಿದು ಬಾಯ್ತುಂಬ ನಗುತ್ತಿದ್ದಾಳೆ. ಕೆಳಗೆ, ‘ಈ ಕುಡುಕಿಯ ಕೈಗೆ ನಿಮ್ಮ ಓಟೇ?’ ಮೂವತ್ತು ವರ್ಷ ನಮ್ಮೂರ ಮಕ್ಕಳಿಗೆ ಅಕ್ಷರ ಕಲಿಸಿದವಳು. ಗ್ಲಾಸಿನಲ್ಲಿದ್ದದ್ದು ಚರ್ಚಿನ ಊಟಕ್ಕೆ ನಾನೇ ಹಿಂಡಿದ ನಿಂಬೆ ಪಾನಕ. ಕಾರ್ಡಿನ ಮೇಲಿನ ಹೆಸರು ಯಾವುದೋ ಸಂಘದ್ದು, ಅಚ್ಚು ಹಾಕಿಸಿದ ದುಡ್ಡು ಗಣಿ ಕಂಪನಿಯದು.

ನೀನು ಅರವತ್ತೊಂದು ಮತದಿಂದ ಗೆದ್ದೆ. ಆ ಸಂಜೆ ಅಡುಗೆಮನೆಯಲ್ಲಿ ನೀನು ಹೇಳಿದ್ದು ನೆನಪಿದೆ: “ನಾನು ಕೇಳೂ ಇಲ್ಲ, ಕಳಿಸೂ ಇಲ್ಲ ಕಣೇ. ಅವರ ದುಡ್ಡು ಅವರು ಸುರಿದ್ರೆ ನಾನೇನು ಮಾಡ್ಲಿ?”

“ಗೆದ್ದೋನು ನೀನೇ ತಾನೇ?” ಎಂದುಬಿಟ್ಟೆ ನಾನು. ಅವರಿಗೆ ಈ ಫೋಟೋ ಕೊಟ್ಟವರು ಯಾರು ಎಂದೂ ನೀನು ಕೇಳಿದೆ. ನಾನು ಪಾತ್ರೆ ತಿಕ್ಕುತ್ತಲೇ ಇದ್ದೆ.

ಈಗ ಅಂಚೆಕಚೇರಿಯ ಮುಂದೆ ನಿಂತು ಸಹಿ ಕೂಡಿಸುತ್ತಿದ್ದೇನೆ. ಕಂಪನಿಗಳ ದುಡ್ಡು ಚುನಾವಣೆಗೆ ಬರಬಾರದೆಂಬ ಕಾನೂನನ್ನು ಜನರ ಮತಕ್ಕೆ ಹಾಕಬೇಕಾದರೆ ಮೊದಲು ಇಂತಿಷ್ಟು ಸಹಿ ಬೇಕಂತೆ. ವಿಲ್ಮಾ ಬಂದಳು. ಆವತ್ತಿನಿಂದ ಚರ್ಚಿನಲ್ಲಿ ಅವಳು ನನ್ನ ಪಕ್ಕ ಕೂತಿಲ್ಲ. ಹಾಳೆ ನೋಡಿ, “ಮೊದಲನೇ ಸಾಲು ನಿನ್ನ ಗಂಡಂಗಿರ್ಲಿ, ನಾನು ಎರಡನೇದಕ್ಕೆ ಹಾಕ್ತೀನಿ” ಎಂದು ಬರೆದು ಹೋದಳು. ಅದರ ಕೆಳಗೆ ಈಗ ಹಾಳೆ ತುಂಬಿದೆ. ಮೇಲಿನ ಸಾಲು ಮಾತ್ರ ಖಾಲಿ.

ಮೇವಿನಂಗಡಿಯ ಓರಿನ್, “ನೀನೇ ಗೀಚ್ಬಿಡು ಬರ್ನೀ, ನನ್ನ ಹೆಂಡ್ತಿ ನನ್ನ ಚೆಕ್ಕಿಗೇ ಗೀಚ್ತಾಳೆ” ಎಂದು ನಕ್ಕ. ಆಗುವುದಿಲ್ಲ. ಪ್ರತಿಯೊಬ್ಬರೂ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ನಾನು ಪ್ರಮಾಣ ಮಾಡಬೇಕು. ಹಾಳೆ ನಿನಗೆ ಕಳಿಸುವಂತೆಯೂ ಇಲ್ಲ. ನೀನೇ ಬರಬೇಕು, ನಮ್ಮ ಮೇಜಿನ ಮುಂದೆ ಕೂರಬೇಕು, ನಾನು ನೋಡುತ್ತಿರಬೇಕು. ಕಾನೂನೇ ಹಾಗಿದೆ, ನಾನೇನು ಮಾಡಲಿ.

ಭಾನುವಾರ ಈಸ್ಟರ್. ಹಬ್ಬದೂಟಕ್ಕೆ ಹಂದಿಮಾಂಸದ ಹ್ಯಾಮ್ ತಂದಿಟ್ಟಿದ್ದೇನೆ, ಇಬ್ಬರಿಗಾಗುವಷ್ಟು.

ನಿನ್ನ
ಬರ್ನಡೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಪಾದ್ರಿಯವರ ಮುಂದೆ ಪಾಪನಿವೇದನೆ ಮಾಡಿದೆ. ದೇವರಿಗೆ ಹೇಳಿದ್ದು ಸಾಲದು, ಗಂಡನಿಗೂ ಹೇಳು ಎಂದರು. ಶರತ್ಕಾಲದಲ್ಲಿ ಟೈ ಕಟ್ಟಿದ ಒಬ್ಬ ಹುಡುಗ ಮನೆಗೆ ಬಂದು, ನಿನ್ನ ಪ್ರಚಾರಕ್ಕೆ ಚರ್ಚಿನ ಊಟದ ಫೋಟೋ ಬೇಕೆಂದ. ಹೆಮ್ಮೆಯಿಂದ ಆಲ್ಬಮ್ಮಿನಿಂದ ಕಿತ್ತು ಕೊಟ್ಟೆ. ಕಂಪನಿಯವರು ಅದರಿಂದ ನಿನ್ನನ್ನೂ ನನ್ನನ್ನೂ ಕತ್ತರಿಸಿ ವಿಲ್ಮಾಳನ್ನಷ್ಟೇ ಉಳಿಸಿಕೊಂಡರು. ಕಾರ್ಡಿನಲ್ಲಿ ಅವಳ ಹೆಗಲ ಮೇಲೆ ಒಂದು ಕೈ ಉಳಿದಿದೆ, ನೋಡು. ಅದು ನನ್ನದು. ಈಸ್ಟರ್ ದಿನ ಅವಳಿಗೂ ಹೇಳುತ್ತೇನೆ. ನೀನು ಜೊತೆಗಿದ್ದರೆ ಧೈರ್ಯ.

ನಾಳೆ ಓರಿನ್ ಮೇವು ತರಲು ಲಾರಿಯಲ್ಲಿ ಹೆಲೆನಾಕ್ಕೆ ಬರುತ್ತಾನೆ; ಈ ಕಾಗದ ಕೊಟ್ಟು, ನೀನು ಉತ್ತರ ಬರೆಯುವವರೆಗೂ ಕಾಯುತ್ತಾನೆ. ಅವನ ಕೈಗೇ ಕೊಡು, ತಂದುಕೊಡಲಿ. ಬರೆಯುವುದು ಕಷ್ಟವಾದರೆ, ಅವನ ಪಕ್ಕದ ಸೀಟು ಖಾಲಿ ಇಡಲು ಹೇಳಿದ್ದೇನೆ.